ಮನೆ ಮುಂದೆ ಹೊಂಗೆ ಬೆಳೆಸುವುದು ಹೇಗೆ: ಮೈಸೂರು, ಮಂಡ್ಯದವರಿಗೆ

ಹೊಂಗೆ ಗಿಡವನ್ನು ಬದುಕಿಸುವುದು ಕಷ್ಟವಲ್ಲ. ನಾಲೆ ಏರಿಯಲ್ಲಿ, ಹೊಲದ ಬದುವಿನಲ್ಲಿ, ಹಳ್ಳದ ದಂಡೆಯಲ್ಲಿ ಯಾರೂ ನೀರು ಹಾಕದೆ ಅದು ಬೆಳೆಯುತ್ತದೆ. ಕಷ್ಟ ಇರುವುದು ಬೇರೆ ಕಡೆ. ಹತ್ತು ವರ್ಷ ಆದ ಮೇಲೆ ಆ ಮರ ನಿಮ್ಮ ಮನೆಗೆ, ಪಕ್ಕದವರಿಗೆ, ಕರೆಂಟ್ ತಂತಿಗೆ, ರಸ್ತೆಗೆ ಹೊಂದಿಕೊಂಡು ನಿಂತಿರಬೇಕು. ಹಾಗೆ ನಿಲ್ಲದ ಹೊಂಗೆಗಳನ್ನು ನಮ್ಮ ಬಡಾವಣೆಗಳಲ್ಲಿ ದಿನವೂ ನೋಡುತ್ತೇವೆ ಅಲ್ವಾ? ಒಂದು ಮಗ್ಗುಲು ಪೂರ್ತಿ ಬೋಳು, ಇನ್ನೊಂದು ಮಗ್ಗುಲಲ್ಲಿ ರಸ್ತೆಗೆ ಬಾಗಿದ ಕೊಂಬೆ, ಮೈತುಂಬ ಕತ್ತಿ ಏಟಿನ ಗುರುತು. ಅಂಥ ಮರವನ್ನು ನೆಟ್ಟ ಜಾಗ ಸರಿ ಇರುವುದಿಲ್ಲ, ಇಲ್ಲವೇ ಮೊದಲ ಮೂರು ವರ್ಷ ಅದನ್ನು ಯಾರೂ ತಿದ್ದಿರುವುದಿಲ್ಲ. ಹಾಗಾಗಿ ಇಲ್ಲಿ ಗೊಬ್ಬರದ ಮಾತು ಕಡಿಮೆ, ಜಾಗ ಮತ್ತು ಆಕಾರದ ಮಾತು ಜಾಸ್ತಿ.

ಹೊಂಗೆಯೇ ಯಾಕೆ?

ಮೈಸೂರಿನ ಬೀದಿಗಳಲ್ಲಿ ಹೂ ಬಿಟ್ಟು ಕಣ್ಣು ತುಂಬುವ ಗುಲ್‌ಮೊಹರ್ ಮಡಗಾಸ್ಕರ್ ದ್ವೀಪದ್ದು. ದೊಡ್ಡ ಕೊಡೆ ಬಿಚ್ಚುವ ಮಳೆಮರ ಅಮೆರಿಕ ಖಂಡದ ಬಿಸಿ ಸೀಮೆಯದು. ಅವು ಚೆನ್ನಾಗಿವೆ, ಇರಲಿ. ಆದರೆ ಗುಲ್‌ಮೊಹರ್‌ನ ಬೇರು ಆಳಕ್ಕೆ ಹೋಗುವುದಿಲ್ಲ, ಕೊಂಬೆ ಬಲು ಪೆಡಸು. ಏಪ್ರಿಲ್, ಮೇ ತಿಂಗಳ ಗಾಳಿಮಳೆಗೆ ಮುರಿದು ಬೀಳುವ ಮರಗಳಲ್ಲಿ ಅದು ಇದ್ದೇ ಇರುತ್ತದೆ. ಹೊಂಗೆ ನಮ್ಮದೇ ನೆಲದ ಮರ. ತಾಯಿಬೇರು ಆಳಕ್ಕೆ ಇಳಿಯುತ್ತದೆ. ಮೈಸೂರಿನಲ್ಲಿ ವರ್ಷಕ್ಕೆ ಸುಮಾರು 800 ಮಿಲಿಮೀಟರ್ ಮಳೆ, ಮಂಡ್ಯದಲ್ಲಿ 700ರ ಆಸುಪಾಸು. ಹೊಂಗೆಗೆ 500 ಮಿಲಿಮೀಟರ್ ಬಿದ್ದರೂ ಸಾಕು. ಕೆಂಪು ಗೊರಚಲು ಮಣ್ಣಾದರೂ ಸರಿ. ಮಂಡ್ಯದ ಕಡೆ ನೀರು ಜಾಸ್ತಿಯಾಗಿ ಚೌಳು ಹಿಡಿದ ನೆಲವಾದರೂ ಅದು ತಡೆದುಕೊಳ್ಳುತ್ತದೆ. ಸ್ವಲ್ಪ ದಿನ ಬುಡದಲ್ಲಿ ನೀರು ನಿಂತರೂ ಬೆಳೆದ ಮರ ಸಾಯುವುದಿಲ್ಲ.

ಇನ್ನೊಂದು ಗುಣವಿದೆ. ಹೊಂಗೆ ಅವರೆ, ತೊಗರಿಯ ಕುಟುಂಬಕ್ಕೆ ಸೇರಿದ್ದು. ಬೇರಿನ ಗಂಟುಗಳಲ್ಲಿರುವ ಸೂಕ್ಷ್ಮಜೀವಿಗಳು ಗಾಳಿಯ ಸಾರಜನಕವನ್ನು ಹಿಡಿದು ಕೊಡುತ್ತವೆ. ಅದಕ್ಕೇ ಬಡ ಮಣ್ಣಿನಲ್ಲೂ ಎಲೆ ಅಷ್ಟು ಹಸಿರು. ಹಿಂದೆ ಭತ್ತದ ಗದ್ದೆಗೆ ಹೊಂಗೆ ಸೊಪ್ಪು ಹರಡಿ ತುಳಿಯುತ್ತಿದ್ದುದು ಇದೇ ಕಾರಣಕ್ಕೆ.

ಜಾಗ ನೋಡುವುದು

ಹಾರೆ ಹಿಡಿಯುವ ಮೊದಲು ಟೇಪ್ ಹಿಡಿಯಿರಿ. ಬೆಳೆದ ಹೊಂಗೆ ಸಾಮಾನ್ಯವಾಗಿ 30ರಿಂದ 40 ಅಡಿ ಎತ್ತರ ಹೋಗುತ್ತದೆ, ಒಳ್ಳೆ ನೆಲದಲ್ಲಿ ಇನ್ನೂ ಜಾಸ್ತಿ. ಹರವೂ ಹೆಚ್ಚುಕಡಿಮೆ ಅಷ್ಟೇ. ಮನೆ ಗೋಡೆಯಿಂದ 15 ಅಡಿ ದೂರ ಇರಬೇಕು. ಸಂಪಿನಿಂದ, ಶೌಚಗುಂಡಿಯಿಂದಲೂ ಅಷ್ಟೇ ದೂರ. ಕಾಂಪೌಂಡ್ ಗೋಡೆಗೆ ಕನಿಷ್ಠ 6 ಅಡಿ ಬಿಡಿ. ಯುಜಿಡಿ, ಅಂದರೆ ನೆಲದಡಿಯ ಒಳಚರಂಡಿ ಪೈಪ್ ಯಾವ ಸಾಲಿನಲ್ಲಿ ಹೋಗಿದೆ ಎಂದು ಮ್ಯಾನ್‌ಹೋಲ್ ಮುಚ್ಚಳಗಳನ್ನು ನೋಡಿ ಅಂದಾಜು ಮಾಡಿ, ಆ ಸಾಲಿನ ಮೇಲೆ ನೆಡಬೇಡಿ. ಗಟ್ಟಿ ಪೈಪನ್ನು ಬೇರು ಒಡೆಯುವುದು ಅಪರೂಪ. ಆದರೆ ಜಾಯಿಂಟ್ ಸಡಿಲವಾಗಿ ನೀರು ಜಿನುಗುತ್ತಿದ್ದರೆ ಬೇರು ಒಳಗೆ ನುಗ್ಗುತ್ತದೆ.

ಇಷ್ಟು ಅಳೆದರೆ ಒಂದು ವಿಷಯ ತಾನಾಗಿ ಗೊತ್ತಾಗುತ್ತದೆ. 30x40 ಸೈಟಿನ ಒಳಗೆ ಹೊಂಗೆಗೆ ಜಾಗವಿಲ್ಲ. ಇದನ್ನು ಕಡ್ಡಿ ಮುರಿದಂತೆ ಹೇಳುತ್ತೇನೆ, ಯಾಕೆಂದರೆ ಆಸೆಪಟ್ಟು ಮೂಲೆಯಲ್ಲಿ ನೆಟ್ಟು ಆರನೇ ವರ್ಷಕ್ಕೆ ಕಡಿಸುವವರು ಬಹಳ. ಸೈಟ್ ಚಿಕ್ಕದಿದ್ದರೆ ಒಳಗೆ ಕರಿಬೇವು, ನೆಲ್ಲಿ, ಬಿಲ್ವಪತ್ರೆ, ಕಕ್ಕೆ ಇವುಗಳಲ್ಲಿ ಒಂದನ್ನು ನೆಡಿ. ಹೊಂಗೆಯನ್ನು ಮನೆ ಮುಂದಿನ ರಸ್ತೆ ಬದಿಗೆ ಇಟ್ಟುಕೊಳ್ಳಿ. ಅದು ಸಾರ್ವಜನಿಕ ಜಾಗ. ಪಾಲಿಕೆಯವರನ್ನೋ, ಹಳ್ಳಿಯಾದರೆ ಪಂಚಾಯಿತಿಯವರನ್ನೋ ಕೇಳಿ ನೆಡುವುದು ಒಳ್ಳೆಯದು. 50x80 ಸೈಟ್, ತೋಟದ ಮನೆ, ಮಂಡ್ಯ ಕಡೆಯ ಹಿತ್ತಿಲು, ಕಣದ ಅಂಚು ಇಲ್ಲೆಲ್ಲ ಯೋಚನೆಯೇ ಇಲ್ಲ.

ದಿಕ್ಕು? ನಮ್ಮಲ್ಲಿ ಮಾರ್ಚ್, ಏಪ್ರಿಲ್‌ನಲ್ಲಿ ಮನೆ ಕಾಯುವುದು ಮಧ್ಯಾಹ್ನ ಎರಡು ಗಂಟೆ ಮೇಲಿನ ಬಿಸಿಲಿಗೆ. ಮರ ಪಡುವಣಕ್ಕೆ ಅಥವಾ ನೈಋತ್ಯಕ್ಕೆ ಇದ್ದರೆ ಆ ಬಿಸಿಲು ಗೋಡೆಗೆ ಬೀಳುವುದಿಲ್ಲ. ವಾಸ್ತು ಕೇಳುವ ಹಿರಿಯರಿಗೂ ಆ ದಿಕ್ಕಿನ ದೊಡ್ಡ ಮರದ ಬಗ್ಗೆ ತಕರಾರು ಇರುವುದಿಲ್ಲ. ಚಾವಣಿ ಮೇಲೆ ಸೋಲಾರ್ ಇದ್ದರೆ ಮಾತ್ರ ಎಚ್ಚರ. ಪ್ಯಾನೆಲ್ ದಕ್ಷಿಣಕ್ಕೆ ಮುಖ ಮಾಡಿರುತ್ತದೆ, ಅದರ ದಕ್ಷಿಣಕ್ಕೆ ಎತ್ತರದ ಮರ ಬರಬಾರದು.

ತಲೆ ಎತ್ತಿ ನೋಡುವುದನ್ನು ಮರೆಯಬೇಡಿ. ಮೇಲೆ ವಿದ್ಯುತ್ ತಂತಿ ಇದ್ದರೆ ಅಲ್ಲಿ ಹೊಂಗೆ ಬೇಡವೇ ಬೇಡ. ವರ್ಷಾವರ್ಷ ಲೈನ್‌ಮನ್ ಬಂದು ನಡುವೆ ಸೀಳು ಬಿಟ್ಟು ಕೊಂಬೆ ಕಡಿಯುತ್ತಾರೆ, ಅವರಿಗೂ ಬೇರೆ ದಾರಿ ಇಲ್ಲ. ರಸ್ತೆಯ ಯಾವ ಬದಿಗೆ ತಂತಿ ಇಲ್ಲವೋ ಆ ಬದಿಗೆ ನೆಡಿ. ಅದು ಎದುರುಮನೆಯವರ ಬದಿಯಾದರೆ ಅವರ ಜೊತೆ ಕೂತು ಮಾತಾಡಿ. ನೆರಳು ಇಬ್ಬರಿಗೂ ಬರುತ್ತದೆ.

ಜಾಗದ ಬಗ್ಗೆ ಇಷ್ಟು ಹೇಳಲು ಇನ್ನೊಂದು ಕಾರಣ ಕಾನೂನು. ಊರಿನಲ್ಲಿ ನಿಮ್ಮದೇ ಸೈಟಿನ ಮರವಾದರೂ ಅದನ್ನು ಕಡಿಯಲು 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ ಪ್ರಕಾರ ವೃಕ್ಷ ಅಧಿಕಾರಿಯ ಅನುಮತಿ ಬೇಕು. ಈ ಕಾಯ್ದೆ ಇರಬೇಕಾದದ್ದೇ. ಹಾಗಾಗಿ ಕಡಿಯುವ ಪ್ರಸಂಗ ಬಾರದ ಜಾಗ ಹುಡುಕಿ.

ಬೀಜವೋ, ಗಿಡವೋ?

ಎರಡೂ ಆಗುತ್ತದೆ. ಜಾಗಕ್ಕೆ ಬೇಲಿ ಹಾಕಿ ಕಾಯಲು ಸಾಧ್ಯವಿದ್ದರೆ ನನ್ನ ಮತ ಬೀಜಕ್ಕೆ. ಬೀಜ ಮೊಳೆತ ಜಾಗದಲ್ಲೇ ಬೆಳೆದರೆ ತಾಯಿಬೇರು ಅಡ್ಡಿಯಿಲ್ಲದೆ ನೇರ ಇಳಿಯುತ್ತದೆ. ಅಂಥ ಮರಕ್ಕೆ ಗಾಳಿಯ ಭಯ ಕಡಿಮೆ, ಮೊದಲ ಬೇಸಿಗೆಯಲ್ಲೇ ನೀರಿನ ಆಸರೆ ಕಡಿಮೆ ಸಾಕಾಗುತ್ತದೆ.

ಫೆಬ್ರವರಿಯಿಂದ ಮೇ ತನಕ ಮರದ ಕೆಳಗೆ ಕಂದು ಬಣ್ಣದ ಚಪ್ಪಟೆ ಕಾಯಿ ಬಿದ್ದಿರುತ್ತವೆ. ಈ ಕಾಯಿ ತಾನಾಗಿ ಒಡೆಯುವುದಿಲ್ಲ. ಕೊಡತಿಯಿಂದಲೋ ಕಲ್ಲಿನಿಂದಲೋ ಅಂಚಿಗೆ ಹಗುರವಾಗಿ ಕುಟ್ಟಿದರೆ ಬೀಜ ಬರುತ್ತದೆ, ಸಾಮಾನ್ಯವಾಗಿ ಒಂದೇ, ಕೆಲವು ಸಲ ಎರಡು. ತೂತು ಬಿದ್ದದ್ದು, ಸುಕ್ಕಾದದ್ದು ಬಿಡಿ. ನೆಟ್ಟಗೆ, ಹರವಾಗಿ ಬೆಳೆದ, ಕೊಂಬೆ ಮುರಿಯದ ಮರದ ಕಾಯಿಯನ್ನೇ ಆರಿಸಿ. ತಾಯಿಯ ಗುಣ ಮರಿಗೆ ಪೂರ್ತಿ ಬರುತ್ತದೆ ಅಂತಲ್ಲ, ಆದರೂ ಆರಿಸುವುದರಿಂದ ನಷ್ಟವಿಲ್ಲ. ಬೀಜವನ್ನು ವರ್ಷಗಟ್ಟಲೆ ಇಡಲು ಬರುವುದಿಲ್ಲ. ತಿಂಗಳು ಕಳೆದಂತೆ ಮೊಳೆಯುವ ಶಕ್ತಿ ಇಳಿಯುತ್ತದೆ. ಬೇಸಿಗೆಯಲ್ಲಿ ಆರಿಸಿದ್ದನ್ನು ಅದೇ ಮಳೆಗಾಲದಲ್ಲಿ ಹಾಕಿಬಿಡಿ. ಹಿಂದಿನ ರಾತ್ರಿ ನೀರಿನಲ್ಲಿ ನೆನೆಹಾಕಿ, ಬೆಳಿಗ್ಗೆ ಒಂದು ಅಂಗುಲಕ್ಕಿಂತ ಕಡಿಮೆ ಆಳದಲ್ಲಿ ಮೂರು ಬೀಜವನ್ನು ಗೇಣು ದೂರದಲ್ಲಿ ಊರಿ. ಎರಡು ಮೂರು ವಾರದಲ್ಲಿ ಮೊಳಕೆ ಮೇಲೆ ಬರುತ್ತದೆ. ಮೂರು ತಿಂಗಳಾದ ಮೇಲೆ ಒಳ್ಳೆಯದೊಂದನ್ನು ಉಳಿಸಿ, ಉಳಿದವನ್ನು ಬುಡಕ್ಕೆ ಕತ್ತರಿಸಿ. ಕಿತ್ತರೆ ಪಕ್ಕದ ಬೇರು ಅಲುಗುತ್ತದೆ.

ಗಿಡ ತರುವುದಾದರೆ ಅರಣ್ಯ ಇಲಾಖೆಯ ನರ್ಸರಿಗಳಲ್ಲಿ ಮಳೆಗಾಲದ ಮುಂಚೆ ಕಡಿಮೆ ಬೆಲೆಗೆ ಸಿಗುತ್ತದೆ. ಜಮೀನಿನ ಬದುವಿಗೆ ಹಾಕುವ ರೈತರು ಅಲ್ಲೇ ಕೃಷಿ ಅರಣ್ಯ ಪ್ರೋತ್ಸಾಹ ಯೋಜನೆಯ ಬಗ್ಗೆ ವಿಚಾರಿಸಿ, ಉಳಿದ ಗಿಡಕ್ಕೆ ಪ್ರೋತ್ಸಾಹಧನ ಇರುತ್ತದೆ. ಎತ್ತರದ ಗಿಡಕ್ಕೆ ಆಸೆಪಡಬೇಡಿ. ಸಣ್ಣ ಕವರಿನಲ್ಲಿ ಐದಡಿ ಬೆಳೆದು ನಿಂತಿದೆ ಎಂದರೆ ಬೇರು ಒಳಗೆ ಸುತ್ತಿಕೊಂಡಿದೆ ಎಂದೇ ಅರ್ಥ. ಎರಡರಿಂದ ಮೂರಡಿಯ, ಒಂದೇ ಕಾಂಡದ, ಬುಡ ಪೆನ್ಸಿಲ್‌ಗಿಂತ ದಪ್ಪ ಇರುವ ಗಿಡ ಸಾಕು.

ಗುಂಡಿ ಮತ್ತು ನಾಟಿ

ಏಪ್ರಿಲ್‌ನಲ್ಲೇ ಎರಡಡಿ ಉದ್ದ, ಎರಡಡಿ ಅಗಲ, ಎರಡಡಿ ಆಳದ ಗುಂಡಿ ತೆಗೆಸಿ. ಮೇಲಿನ ಮಣ್ಣು ಒಂದು ಕಡೆ, ಕೆಳಗಿನದು ಇನ್ನೊಂದು ಕಡೆ. ಗುಂಡಿ ಬಿಸಿಲು ಕಾಯಲಿ. ಹೊಸ ಬಡಾವಣೆಯಾದರೆ ಅಗೆದಾಗ ಇಟ್ಟಿಗೆ ಚೂರು, ಗಾರೆ, ಸಿಮೆಂಟ್ ಹೆಂಟೆ ಸಿಗುವುದು ಗ್ಯಾರಂಟಿ. ಅದನ್ನೆಲ್ಲ ಆಯ್ದು ಹೊರಗೆ ಹಾಕಿಸಿ, ಗುಂಡಿಯನ್ನು ಮೂರಡಿಗೆ ಅಗಲಿಸಿ. ತಳದಲ್ಲಿ ಗಟ್ಟಿ ಗೊರಚಲು ಇದ್ದರೆ ಹಾರೆಯಿಂದ ಇನ್ನೊಂದಡಿ ಮೀಟಿ ಸಡಿಲ ಮಾಡಿ.

ತುಂಬುವಾಗ ಮೇಲ್ಮಣ್ಣಿಗೆ ಒಂದೆರಡು ಮಂಕರಿ ಹಳೆಯ ಕೊಟ್ಟಿಗೆ ಗೊಬ್ಬರ ಬೆರೆಸಿದರೆ ಮುಗಿಯಿತು. ಗೆದ್ದಲು ಇರುವ ನೆಲವಾದರೆ ಎರಡು ಹಿಡಿ ಬೇವಿನ ಹಿಂಡಿ ಸೇರಿಸಿ. ಯೂರಿಯಾ ಬೇಡ.

ಯಾವಾಗ ನೆಡಬೇಕು ಎಂಬುದರಲ್ಲಿ ನಮ್ಮ ಸೀಮೆಯ ಮಳೆಯ ಲೆಕ್ಕ ಗೊತ್ತಿರಬೇಕು. ಮಲೆನಾಡಿನ ಹಾಗೆ ಇಲ್ಲಿ ಜುಲೈ ತುಂಬ ಸುರಿಯುವುದಿಲ್ಲ. ಮೇ ತಿಂಗಳಲ್ಲಿ ಒಮ್ಮೆ ಚೆನ್ನಾಗಿ ಬಂದು, ಜೂನ್‌ನಿಂದ ಆಗಸ್ಟ್‌ವರೆಗೆ ಮೋಡ, ಸಣ್ಣ ಸೋನೆ. ಮತ್ತೆ ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ದೊಡ್ಡ ಮಳೆ. ರೋಹಿಣಿ, ಮೃಗಶಿರ ಮಳೆ ಬಿದ್ದು ನೆಲ ಒಂದಡಿ ನೆನೆದಾಗ ನೆಟ್ಟರೆ, ಮುಂದಿನ ಮೋಡದ ತಿಂಗಳುಗಳಲ್ಲಿ ಬಿಸಿಲಿನ ಕಾಟವಿಲ್ಲದೆ ಬೇರು ಹಿಡಿಯುತ್ತದೆ, ಆಮೇಲೆ ಹಸ್ತೆ, ಚಿತ್ತೆ ಮಳೆಗೆ ಚಿಗುರುತ್ತದೆ. ಆ ಸಮಯ ತಪ್ಪಿದರೆ ಸೆಪ್ಟೆಂಬರ್ ಮೊದಲಲ್ಲಿ ನೆಡಿ. ದಸರಾ ಕಳೆದ ಮೇಲೆ ನೆಟ್ಟರೆ ಮೊದಲ ಬೇಸಿಗೆಗೆ ನೀರು ಹೊರುವ ಕೆಲಸ ಹೆಚ್ಚುತ್ತದೆ.

ಕವರನ್ನು ಎಳೆಯಬೇಡಿ, ಬ್ಲೇಡಿನಿಂದ ಉದ್ದಕ್ಕೆ ಸೀಳಿ ಬಿಡಿಸಿ. ತಳದಲ್ಲಿ ಬೇರು ಸುರುಳಿಯಾಗಿದ್ದರೆ ಆ ಸುರುಳಿಯನ್ನು ಕತ್ತರಿಸಿ ಹಾಕಿ. ಕವರಿನಲ್ಲಿ ಮಣ್ಣಿನ ಮಟ್ಟ ಎಲ್ಲಿತ್ತೋ ನೆಲದಲ್ಲೂ ಅಲ್ಲಿಗೇ ಬರಬೇಕು. ಕಾಂಡವನ್ನು ಮಣ್ಣಿನಲ್ಲಿ ಹೂತರೆ ಬುಡ ಕೊಳೆಯುತ್ತದೆ. ಸುತ್ತ ಎರಡಡಿ ಪಾತಿ ಮಾಡಿ, ತರಗೆಲೆ ಹೊದಿಸಿ. ಮಂಡ್ಯದ ಕಡೆ ಕಬ್ಬಿನ ತರಗು ಬೇಕಾದಷ್ಟು ಸಿಗುತ್ತದೆ, ಅದಕ್ಕಿಂತ ಒಳ್ಳೆಯ ಹೊದಿಕೆ ಇಲ್ಲ. ಹೊದಿಕೆ ಕಾಂಡಕ್ಕೆ ತಾಗದಂತೆ ನಾಲ್ಕು ಬೆರಳು ಬಿಡಿ.

ದನ ಹೊಂಗೆ ಸೊಪ್ಪಿಗೆ ಅಷ್ಟಾಗಿ ಬಾಯಿ ಹಾಕುವುದಿಲ್ಲ. ಆದರೆ ಮೈ ಉಜ್ಜಿ ಮುರಿಯುತ್ತದೆ. ಮೇಕೆಯನ್ನಂತೂ ನಂಬುವಂತಿಲ್ಲ. ಐದಡಿ ಎತ್ತರದ ಗಾರ್ಡ್ ಅಥವಾ ಜಾಲಿ ಮುಳ್ಳಿನ ಬೇಲಿ ಬೇಕೇ ಬೇಕು.

ನೀರು

ಮೊದಲ ವರ್ಷ ಮಳೆ ಇಲ್ಲದ ವಾರಗಳಲ್ಲಿ ವಾರಕ್ಕೆ ಎರಡು ಸಲ, ಸಲಕ್ಕೆ ಎರಡು ಬಿಂದಿಗೆ. ಎರಡನೇ ಬೇಸಿಗೆಯಲ್ಲಿ ವಾರಕ್ಕೆ ಒಮ್ಮೆ ಮೂರು ಬಿಂದಿಗೆ. ಮೂರನೇ ವರ್ಷದಿಂದ ನಿಲ್ಲಿಸಿ. ದಿನಾ ಸಂಜೆ ಪೈಪ್ ಹಿಡಿದು ಒಂದು ಚೆಂಬು ನೀರು ಚಿಮುಕಿಸುವ ಅಭ್ಯಾಸ ಗಿಡಕ್ಕೆ ಕೆಟ್ಟದ್ದು. ನೀರು ಮೇಲೇ ಸಿಕ್ಕರೆ ಬೇರೂ ಮೇಲೇ ಉಳಿಯುತ್ತದೆ. ಆಮೇಲೆ ಕಲ್ಲುಹಾಸು ಏಳುವುದು, ಕಾಂಪೌಂಡ್ ಬಿರುಕು ಬಿಡುವುದು ಹೆಚ್ಚಾಗಿ ಅಂಥ ಬೇರಿನಿಂದಲೇ.

ತಿದ್ದುವುದು

ಎಲ್ಲಕ್ಕಿಂತ ಮುಖ್ಯವಾದ ಕೆಲಸ ಇದು. ಇದನ್ನು ಮಾಡುವವರು ಕಡಿಮೆ.

ಹೊಂಗೆಗೆ ತೆಂಗಿನ ಹಾಗೆ ನೆಟ್ಟಗೆ ಹೋಗುವ ಸ್ವಭಾವ ಇಲ್ಲ. ಮೊಳಕಾಲು ಎತ್ತರದಿಂದಲೇ ಕವಲು ಒಡೆಯುತ್ತದೆ, ಕುಡಿ ಬಾಗುತ್ತದೆ. ಹೊಲದ ಬದುವಿನಲ್ಲಿ ಹಾಗೆ ಇದ್ದರೆ ಏನೂ ತೊಂದರೆ ಇಲ್ಲ. ಮನೆ ಮುಂದೆ ಜನ ಓಡಾಡಬೇಕು, ಕಾರು ನಿಲ್ಲಬೇಕು.

ಮೊದಲ ವರ್ಷ ಹೆಚ್ಚು ಕತ್ತರಿಸಬೇಡಿ. ಎರಡು ಕುಡಿ ಸಮನಾಗಿ ಮೇಲೆ ಹೋಗುತ್ತಿದ್ದರೆ ಒಂದನ್ನು ಮಾತ್ರ ತೆಗೆಯಿರಿ. ಉಳಿದ ಕುಡಿ ಬಾಗಿದ್ದರೆ ಪಕ್ಕದಲ್ಲಿ ಬಿದಿರು ಗಳ ನೆಟ್ಟು, ಹಳೆ ಬಟ್ಟೆಯ ಪಟ್ಟಿಯಿಂದ ಸಡಿಲವಾಗಿ ಕಟ್ಟಿ. ತಂತಿ, ಪ್ಲಾಸ್ಟಿಕ್ ದಾರ ಕಟ್ಟಿದರೆ ತೊಗಟೆಯೊಳಗೆ ಹೂತುಹೋಗುತ್ತದೆ. ಗಾಳಿಗೆ ಗಿಡ ಸ್ವಲ್ಪ ಅಲುಗಾಡಲಿ, ಕಾಂಡ ದಪ್ಪವಾಗುವುದೇ ಆಗ. ವರ್ಷ ಕಳೆದ ಮೇಲೆ ಗಳ ತೆಗೆದುಬಿಡಿ.

ಕೆಳಗಿನ ಸಣ್ಣ ರೆಂಬೆಗಳನ್ನು ನೋಡಿ ಕೈ ಕಡಿಯುತ್ತದೆ, ಎಲ್ಲವನ್ನೂ ಸವರಿ ನೀಟಾಗಿ ಮಾಡಬೇಕು ಅನಿಸುತ್ತದೆ. ತಡೆದುಕೊಳ್ಳಿ. ಆ ಎಲೆಗಳು ಮಾಡುವ ಆಹಾರದಿಂದಲೇ ಬುಡ ದಪ್ಪವಾಗುವುದು. ಎಲ್ಲ ಸವರಿದರೆ ಮೇಲೆ ತಲೆ ಭಾರ, ಕೆಳಗೆ ಕಡ್ಡಿ ಕಾಂಡ. ಯಾವಾಗಲೂ ಗಿಡದ ಎತ್ತರದ ಮೂರರಲ್ಲಿ ಎರಡು ಪಾಲು ಎಲೆ ಇರಲಿ, ಕೆಳಗಿನ ಒಂದು ಪಾಲನ್ನಷ್ಟೇ ಬೋಳು ಮಾಡಿ. ಗಿಡ ಒಂಬತ್ತು ಅಡಿ ಆದಾಗ ಮೂರಡಿವರೆಗೆ. ಹೀಗೆ ವರ್ಷ ವರ್ಷ ಸ್ವಲ್ಪ ಸ್ವಲ್ಪ ಮೇಲೆ ಹೋಗಿ, ಮನೆ ಕಡೆಗೆ ಎಂಟಡಿ, ರಸ್ತೆ ಕಡೆಗೆ ಇನ್ನೂ ಹೆಚ್ಚು ಖಾಲಿ ಕಾಂಡ ಸಿಗುವಂತೆ ನೋಡಿಕೊಳ್ಳಿ. ರೆಂಬೆ ಹೆಬ್ಬೆರಳಿನ ದಪ್ಪ ಆಗುವ ಮೊದಲೇ ತೆಗೆದರೆ ಗಾಯ ಒಂದೇ ವರ್ಷದಲ್ಲಿ ಮುಚ್ಚುತ್ತದೆ. ತೊಡೆ ಗಾತ್ರ ಆಗುವತನಕ ಕಾದು ಕಡಿದರೆ ಅಲ್ಲಿಂದ ಕೊಳೆ ಒಳಗೆ ಇಳಿಯುತ್ತದೆ.

ಕಾಲ ಯಾವುದು? ಡಿಸೆಂಬರ್ ಕೊನೆಯಿಂದ ಫೆಬ್ರವರಿ ಒಳಗೆ ಹೊಂಗೆ ಎಲೆ ಹಳದಿಯಾಗಿ ಉದುರುತ್ತದೆ. ಹೊಸ ಚಿಗುರು ಬರುವ ಮುನ್ನದ ಆ ಕೆಲವು ದಿನಗಳೇ ಸರಿಯಾದ ಸಮಯ. ಮರದ ಎಲುಬು ಕಾಣುತ್ತದೆ, ಯಾವ ಕೊಂಬೆ ಯಾವುದಕ್ಕೆ ಉಜ್ಜುತ್ತಿದೆ ಎಂದು ಗೊತ್ತಾಗುತ್ತದೆ. ಮಳೆಗಾಲದಲ್ಲಿ ಕತ್ತರಿಸಬೇಡಿ. ಕವೆಗೋಲಿನ ಹಾಗೆ ಕಿರಿದಾಗಿ ಸೀಳಿದ ಎರಡು ಕೊಂಬೆ ಇದ್ದರೆ ಒಂದನ್ನು ತೆಗೆಯಿರಿ, ಗಾಳಿಗೆ ಬಿರಿಯುವುದು ಅಂಥ ಜಾಗವೇ. ಒಂದೇ ವರ್ಷದಲ್ಲಿ ಕಾಲು ಭಾಗಕ್ಕಿಂತ ಹೆಚ್ಚು ಸೊಪ್ಪು ತೆಗೆಯಬೇಡಿ. ದಪ್ಪ ಕೊಂಬೆಯಾದರೆ ಮೊದಲು ಒಂದಡಿ ದೂರದಲ್ಲಿ ಕೆಳಗಿನಿಂದ ಸ್ವಲ್ಪ ಗರಗಸ ಹಾಕಿ, ನಂತರ ಅದರಾಚೆ ಮೇಲಿನಿಂದ ಕೊಯ್ದು ಭಾರ ಇಳಿಸಿ, ಕೊನೆಗೆ ಉಳಿದ ಮೋಟನ್ನು ಕಾಂಡದ ಹತ್ತಿರ ಕೊಯ್ಯಿರಿ. ಹಾಗೆ ಮಾಡಿದರೆ ಬೀಳುವ ಕೊಂಬೆ ತೊಗಟೆಯನ್ನು ಸೀಳಿಕೊಂಡು ಹೋಗುವುದಿಲ್ಲ. ಕೊಂಬೆ ಬುಡದ ಉಬ್ಬಿದ ಬಳೆಯನ್ನು ಮುಟ್ಟಬೇಡಿ, ಗಾಯ ಮುಚ್ಚುವುದು ಅಲ್ಲಿಂದಲೇ.

ತಲೆ ಕಡಿಸುವುದನ್ನು ಮಾತ್ರ ದಯವಿಟ್ಟು ಮಾಡಬೇಡಿ. ‘ಬಹಳ ಎತ್ತರ ಆಯ್ತು, ಅರ್ಧಕ್ಕೆ ಇಳಿಸಿ’ ಎಂದು ಹೇಳಿ ಮೋಟು ಮಾಡಿಸಿದ ಮರ ಕೆಲವೇ ವರ್ಷದಲ್ಲಿ ಅಷ್ಟೇ ಎತ್ತರಕ್ಕೆ ಮತ್ತೆ ಬರುತ್ತದೆ. ಆದರೆ ಈ ಸಲ ಬರುವ ಹತ್ತಾರು ಕೊಂಬೆಗಳಿಗೆ ಬುಡದ ಹಿಡಿತ ಇರುವುದಿಲ್ಲ.

ಎಲೆ ಮೇಲೆ ಗಂಟು ಬಂದರೆ

ಹೊಂಗೆ ಎಲೆ ಮೇಲೆ ಸಣ್ಣ ಬೆರಳಿನಂಥ ಗಂಟುಗಳು ಏಳುತ್ತವೆ. ಅದನ್ನು ಕಂಡು ಔಷಧ ಅಂಗಡಿಗೆ ಓಡಬೇಡಿ. ಅದು ಕಣ್ಣಿಗೆ ಕಾಣದಷ್ಟು ಸಣ್ಣ ನುಸಿಯ ಕೆಲಸ, ನಮ್ಮ ಕಡೆಯ ಹೊಂಗೆಗಳಲ್ಲಿ ಬಹಳ ಸಾಮಾನ್ಯ. ಎಲೆಯೊಳಗೆ ಬಿಳಿ ಗೀರು ಎಳೆಯುವ ರಂಗೋಲಿ ಹುಳುವೂ ಬರುತ್ತದೆ. ಮರ ಎರಡಕ್ಕೂ ಜಗ್ಗುವುದಿಲ್ಲ. ಎಳೆ ಗಿಡದಲ್ಲಿ ತೀರಾ ಹೆಚ್ಚಿದ್ದರೆ ಅಂಥ ಎಲೆ ಕಿತ್ತು ಹಾಕಿ, ಸಾಕು.

ಕೆಲವು ವರ್ಷ ಮಳೆಗಾಲದಲ್ಲಿ ಚಿಗುರನ್ನೆಲ್ಲ ಹುಳು ಮೇಯುತ್ತದೆ. ಅದು ಕಾಮನ್ ಬ್ಯಾಂಡೆಡ್ ಆಲ್ ಎಂಬ ಕಂದು ಚಿಟ್ಟೆಯ ಮರಿ. ಕಾಮನ್ ಸೆರೂಲಿಯನ್ ಎಂಬ ತಿಳಿನೀಲಿ ಚಿಟ್ಟೆಯೂ ಇದರ ಮೇಲೆಯೇ ಮೊಟ್ಟೆ ಇಡುತ್ತದೆ. ಹೂ ಬಂದಾಗ ಜೇನುಹುಳು ದಂಡಿಯಾಗಿ ಬರುತ್ತವೆ. ಇಂಥ ಮರಕ್ಕೆ ವಿಷ ಹೊಡೆಯುವುದು ನನಗೆ ಒಪ್ಪಿಗೆಯಿಲ್ಲ. ಹುಳು ತಿಂದ ಮರ ತಾನೇ ಮತ್ತೆ ಚಿಗುರುತ್ತದೆ.

ನಿಜವಾಗಿ ಎಚ್ಚರ ಇರಬೇಕಾದದ್ದು ಬಂದಳಿಕೆಯ ಬಗ್ಗೆ. ಹಕ್ಕಿ ತಂದು ಹಾಕಿದ ಬೀಜ ಕೊಂಬೆ ಮೇಲೆ ಮೊಳೆತು, ಮರದ ರಸ ಹೀರಿ ಬೆಳೆಯುತ್ತದೆ. ಹೊಂಗೆ ಎಲೆಗಿಂತ ಬೇರೆ ಥರದ ದಪ್ಪ ಎಲೆಯ ಪೊದೆ ಮೇಲೆ ಕಂಡರೆ, ಅದು ಕೂತ ಜಾಗದಿಂದ ಒಂದಡಿ ಕೆಳಗೆ ಕೊಂಬೆಯನ್ನೇ ಕತ್ತರಿಸಿ. ಬರೀ ಪೊದೆ ಕಿತ್ತರೆ ಮತ್ತೆ ಬರುತ್ತದೆ.

ಬುಡದ ಸುತ್ತ

ಫುಟ್‌ಪಾತಿಗೆ ಇಂಟರ್‌ಲಾಕ್ ಟೈಲ್ಸ್ ಹಾಕುವ ದಿನ ಮನೆಯಲ್ಲಿರಿ. ಕೆಲಸದವರು ಕಾಂಡಕ್ಕೆ ತಾಗಿಸಿಯೇ ಸಿಮೆಂಟ್ ಬಳಿದುಬಿಡುತ್ತಾರೆ. ಕನಿಷ್ಠ ಮೂರಡಿ ಚೌಕ ಮಣ್ಣು ತೆರೆದಿರಲಿ ಎಂದು ನಿಂತು ಹೇಳಿ, ಹೇಳಿದರೆ ಕೇಳುತ್ತಾರೆ. ಕಾಂಡ ದಪ್ಪವಾಗುವ ಮೊದಲು ಕಬ್ಬಿಣದ ಗಾರ್ಡ್ ತೆಗೆಸಿ. ಬುಡದಲ್ಲಿ ಕಸ ಸುಡಲು ಬಿಡಬೇಡಿ. ಬೋರ್ಡಿಗೆ ಮೊಳೆ ಹೊಡೆಯಲೂ ಬಿಡಬೇಡಿ. ಬೇರಿನಿಂದ ಅಲ್ಲಲ್ಲಿ ಮರಿ ಏಳುತ್ತವೆ, ಅವನ್ನು ಆಗಾಗ ನೆಲಮಟ್ಟಕ್ಕೆ ಕುಯ್ಯಿರಿ. ಹಿತ್ತಿಲಿನ ಮರವಾದರೆ ನೆರಳಿನಲ್ಲಿ ಅರಿಸಿನ ಹಾಕಬಹುದು, ಅಂಚಿನಲ್ಲಿ ಕನಕಾಂಬರ.

ಉದುರುವುದು ಇದ್ದೇ ಇದೆ. ಜನವರಿ, ಫೆಬ್ರವರಿಯಲ್ಲಿ ಎಲೆ, ಯುಗಾದಿ ಆಸುಪಾಸಿನಿಂದ ತಿಳಿ ಗುಲಾಬಿ ಬೆರೆತ ಬಿಳಿ ಹೂ, ಆಮೇಲೆ ಕಾಯಿ. ದಿನಾ ಗುಡಿಸಲು ಬೇಸರ ಎನ್ನುವವರು ಈ ಮರ ನೆಡುವ ಮೊದಲೇ ಯೋಚಿಸಲಿ. ಆ ಎಲೆ, ಹೂ ಎರಡೂ ಒಳ್ಳೆ ಗೊಬ್ಬರ. ಮೂಲೆಯಲ್ಲಿ ಒಂದು ಗುಂಡಿ ತೆಗೆದು ತುಂಬಿಸುತ್ತಾ ಬಂದರೆ ಮುಂದಿನ ವರ್ಷ ಕುಂಡಗಳಿಗೆ ಬೇಕಾದ ಮಣ್ಣು ಅಲ್ಲೇ ಸಿಗುತ್ತದೆ.

ಕಾಯಿ

ನೆಟ್ಟ ನಾಲ್ಕರಿಂದ ಏಳನೇ ವರ್ಷದೊಳಗೆ ಮರ ಕಾಯಿ ಬಿಡಲು ಶುರುಮಾಡುತ್ತದೆ. ಬೀಜದ ತೂಕದಲ್ಲಿ ಸುಮಾರು ಮೂರನೇ ಒಂದು ಪಾಲು ಎಣ್ಣೆ. ಹಿಂದೆ ಮನೆ ದೀಪಕ್ಕೆ ಉರಿಸುತ್ತಿದ್ದುದು ಇದೇ ಎಣ್ಣೆ. ಈಗ ಸಾಬೂನಿಗೆ, ಜೈವಿಕ ಇಂಧನಕ್ಕೆ ಹೋಗುತ್ತದೆ. ಎಣ್ಣೆ ತೆಗೆದ ಮೇಲೆ ಉಳಿಯುವ ಹಿಂಡಿ ಬೆಳೆಗೆ ಒಳ್ಳೆಯ ಗೊಬ್ಬರ. ಬೀಜ, ಎಣ್ಣೆ ಎರಡೂ ಕಹಿ, ತಿನ್ನುವಂಥದ್ದಲ್ಲ. ಪುಟ್ಟ ಮಕ್ಕಳು, ನಾಯಿಮರಿ ಕಾಯಿ ಬಾಯಿಗೆ ಹಾಕದಂತೆ ನೋಡಿಕೊಳ್ಳಿ. ಒಂದೇ ಮರದ ಕಾಯಿ ಮಾರಲು ಸಾಲದು. ಬೀದಿಯಲ್ಲಿ ನಾಲ್ಕೈದು ಮರ ಇದ್ದರೆ ಎಲ್ಲರೂ ಒಟ್ಟಿಗೆ ಆರಿಸಿ, ಒಣಗಿಸಿ, ಕುಟ್ಟಿ ಗಾಣಕ್ಕೆ ಕೊಡಬಹುದು. ಅದರಲ್ಲಿ ತುಂಬಿದ ಬೀಜ ಒಂದು ಹಿಡಿ ಎತ್ತಿಟ್ಟುಕೊಂಡು ಜೂನ್‌ನಲ್ಲಿ ಕವರಿಗೆ ಹಾಕಿ. ಮುಂದಿನ ಮಳೆಗಾಲಕ್ಕೆ ನೆಂಟರಿಗೆ, ಶಾಲೆಗೆ, ಊರಿನ ಕೆರೆ ಏರಿಗೆ ಕೊಡಲು ಗಿಡ ಸಿದ್ಧವಿರುತ್ತವೆ. ಕೊಡುವಾಗ ತಂತಿ ಇಲ್ಲದ ಕಡೆ ನೆಡಿ ಎಂದು ಹೇಳಿ ಕೊಡಿ.